ಅಜ್ಜಿಯ ಬೀರು, ಪ್ಯಾರಿಸ್ಸಿನ ಬ್ಯೂರೊ

ಬಸವನಗುಡಿಯಲ್ಲಿ ಭಾಷಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ

ನೀವೆಲ್ಲ ಇವತ್ತು ಒಂದು ಉಪನ್ಯಾಸಕ್ಕೆ ಬಂದು ಕೂತಿದ್ದೀರಿ. ಇದೇ ಮಾತನ್ನು ಹಿಂದಿಯವರಿಗೋ ಬಂಗಾಳಿಗಳಿಗೋ ಹೇಳಿ ನೋಡಿ, 'ಯಾರು ಬರೆದದ್ದು?' ಎಂದು ಕೇಳುತ್ತಾರೆ. ಅವರಲ್ಲಿ ಉಪನ್ಯಾಸ ಎಂದರೆ ಕಾದಂಬರಿ. ಕಾದಂಬರಿ ಎಂಬುದಾದರೋ ಬಾಣಭಟ್ಟನ ಕಥಾನಾಯಕಿಯ ಹೆಸರು. ಆ ಹುಡುಗಿಯ ಹೆಸರನ್ನು ನಾವೂ ಮರಾಠಿಗರೂ ಎತ್ತಿಕೊಂಡು ಒಂದು ಇಡೀ ಸಾಹಿತ್ಯ ಪ್ರಕಾರಕ್ಕೆ ಇಟ್ಟೆವು. ಇನ್ನು ಉಪನ್ಯಾಸಕ್ಕೆ ಇಂಗ್ಲಿಷಿನಲ್ಲಿ ಲೆಕ್ಚರ್ ಎನ್ನುತ್ತೇವಲ್ಲ, ಅದೇ ಅಕ್ಷರಗಳು ಫ್ರೆಂಚ್ ಪುಸ್ತಕದಲ್ಲಿ ಕಂಡರೆ ಅಲ್ಲಿ ಅದರ ಅರ್ಥ ಬರೀ ಓದು. ಮನೆಯಲ್ಲಿ ಒಬ್ಬರೇ ಕೂತು ಪುಸ್ತಕ ಓದುವುದು ಅವರಿಗೆ ಲೆಕ್ಚರು.

ಇನ್ನೊಂದು ಪದ ನೋಡಿ, ಅವಕಾಶ. 'ನನಗೊಂದು ಅವಕಾಶ ಕೊಡಿ ಸಾರ್' ಎನ್ನುತ್ತೇವೆ. ಹಿಂದಿಯಲ್ಲಿ ಅವಕಾಶ ಎಂದರೆ ರಜೆ. ಮಲಯಾಳದಲ್ಲಿ ಹಕ್ಕು, ಮಾನವ ಹಕ್ಕಿಗೆ ಅವರು ಮನುಷ್ಯಾವಕಾಶ ಎನ್ನುತ್ತಾರೆ. ಸಂಸ್ಕೃತದಲ್ಲಿ ಮೊದಲ ಅರ್ಥ ಜಾಗ, ತೆರಪು. ಕೆಲಸದ ನಡುವಿನ ತೆರಪು ರಜೆ. ನುಗ್ಗಲು ಸಿಕ್ಕ ತೆರಪು ಸಂದರ್ಭ. ನನ್ನ ಪಾಲಿಗೆ ಇರಲೇಬೇಕಾದ ತೆರಪು ಹಕ್ಕು. ಒಂದೇ ಹೊಲದಲ್ಲಿ ಮೂರು ಭಾಷೆಗಳು ಮೂರು ಬೆಳೆ ತೆಗೆದವು.

ನಾನು ಹೇಳಬೇಕಾಗಿರುವುದು ಫ್ರೆಂಚ್ ಪದಗಳ ಬಗ್ಗೆ. ಆದರೂ ಸಂಸ್ಕೃತದಿಂದ ಶುರು ಮಾಡಿದೆ, ಏಕೆಂದರೆ ನಮಗೆ ಸಂಸ್ಕೃತ ಹೇಗೋ ಬಹಳ ಕಾಲ ಯುರೋಪಿಗೆ ಫ್ರೆಂಚ್ ಸುಮಾರಾಗಿ ಹಾಗೆ ಇತ್ತು. ರಷ್ಯಾದ ಅರಮನೆಯವರು, ಪ್ರಷ್ಯಾದ ದೊರೆ, ಇಸ್ತಾಂಬುಲಿನ ಅಧಿಕಾರಿಗಳು, ಎಲ್ಲರೂ ಅಲ್ಲಿಂದ ಪದ ತಂದುಕೊಂಡರು. ತಂದುಕೊಂಡ ಮೇಲೆ ಆ ಪದಗಳು ಅವರವರ ಮನೆಯಲ್ಲಿ ಏನಾದವು ಎಂಬುದೇ ಇವತ್ತಿನ ವಿಷಯ.

ನಮ್ಮ ವ್ಯಾಕರಣದವರು ಇವನ್ನು ಎರವಲು ಪದ ಎನ್ನುತ್ತಾರೆ. ಎರವಲು ತಂದದ್ದನ್ನು ಹಿಂದಿರುಗಿಸಬೇಕು. ಪದವನ್ನು ಯಾರೂ ಹಿಂದಿರುಗಿಸುವುದಿಲ್ಲ. ನನಗೆ ಇದು ಹೆಪ್ಪಿನ ಹಾಗೆ ಕಾಣುತ್ತದೆ. ಮನೆಯಲ್ಲಿ ಮೊಸರು ಮುಗಿದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಬೆಳಗ್ಗೆ ಆಗುವ ಮೊಸರು ನಮ್ಮ ಹಾಲಿನದು, ನಮ್ಮ ಪಾತ್ರೆಯದು, ನಮ್ಮ ಅಡುಗೆಮನೆಯ ಬೆಚ್ಚನೆಯದು. ಅದನ್ನು ತಿಂದು 'ಇದು ಪಕ್ಕದ ಮನೆಯ ರುಚಿ ಅಲ್ಲವಲ್ಲ, ತಪ್ಪು' ಎನ್ನುವವರುಂಟೇ?

ಉಂಟು. ಅದಕ್ಕೇ ಈ ಮಾತು.

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಫ್ರೆಂಚ್ ಕಲಿಯುತ್ತಿದ್ದ ಹಾಸನದ ಕಡೆಯ ಹುಡುಗನೊಬ್ಬ ಈ ಊರಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋದ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. 'ನಮ್ಮದು ಹೋಟೆಲ್ ಇದೆ' ಎಂದ. 'ಎಷ್ಟು ರೂಮು?' ಎಂದರು. ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. 'ಒಂದೇ ರೂಮು, ಹಿಂದೆ ಅಡುಗೆಮನೆ' ಎಂದ. ಎದುರಿಗಿದ್ದ ಮೂವರೂ ನಕ್ಕರು. ಅದಕ್ಕೆ ಹೋಟೆಲ್ ಎನ್ನುವುದಿಲ್ಲ, ರೆಸ್ಟೋರೆಂಟ್ ಎನ್ನಬೇಕು ಎಂದು ತಿದ್ದಿದರು. ಸಂಜೆ ಕ್ಲಾಸಿಗೆ ಬಂದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಅಪ್ಪ ಇಪ್ಪತ್ತೈದು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿ ಹಬೆಗಿಟ್ಟ ಜಾಗದ ಹೆಸರನ್ನೇ ತಾನು ತಪ್ಪಾಗಿ ಹೇಳಿಕೊಂಡು ಬಂದಿದ್ದೇನೆ ಎಂದು ಅವನಿಗೆ ಅನ್ನಿಸಿತ್ತು.

ಆ ಸಂಜೆ ಪಾಠ ಬಿಟ್ಟು ಹೋಟೆಲಿನ ಕಥೆ ಹೇಳಿದೆ. ಅದನ್ನೇ ಇಲ್ಲೂ ಹೇಳುತ್ತೇನೆ.

ಲ್ಯಾಟಿನ್ನಿನಲ್ಲಿ ಹೋಸ್ಪೆಸ್ ಎಂಬ ಪದ ಇದೆ. ವಿಚಿತ್ರವೆಂದರೆ ಅದಕ್ಕೆ ಅತಿಥಿ ಎಂದೂ ಅರ್ಥ, ಅತಿಥಿಯನ್ನು ಬರಮಾಡಿಕೊಳ್ಳುವ ಮನೆಯವನು ಎಂದೂ ಅರ್ಥ. ಅತಿಥಿಗಳಿಗೆ ಸಂಬಂಧಿಸಿದ ಜಾಗ ಹೋಸ್ಪಿತಾಲೆ. ಹಳೆಯ ಫ್ರೆಂಚಿನ ಬಾಯಲ್ಲಿ ಅದು ಸವೆದು ಹೋಸ್ತೆಲ್ ಆಯಿತು, ಆಮೇಲೆ ನಡುವಿನ ಸಕಾರವೂ ಉದುರಿ ಓತೆಲ್ ಆಯಿತು. ಇವತ್ತಿಗೂ ಫ್ರೆಂಚಿನವರು ಅದನ್ನು ಬರೆಯುವಾಗ ಓ ಅಕ್ಷರದ ತಲೆಯ ಮೇಲೆ ಒಂದು ಪುಟ್ಟ ಟೋಪಿ ಇಡುತ್ತಾರೆ. ಅದು ಬಿದ್ದುಹೋದ ಸಕಾರದ ಗುರುತು. ಇಂಗ್ಲಿಷ್ ಈ ಒಂದೇ ಪದವನ್ನು ಬೇರೆ ಬೇರೆ ಕಾಲದಲ್ಲಿ ಮೂರು ಸಲ ತಂದುಕೊಂಡಿತು. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್. ಈಗ ಬೆಂಗಳೂರಿಗೆ ಬಂದ ಒಬ್ಬ ಹಳ್ಳಿಯ ಹುಡುಗನನ್ನು ನೆನೆಯಿರಿ. ಇರುವುದು ಹಾಸ್ಟೆಲಿನಲ್ಲಿ, ತಿನ್ನುವುದು ಹೋಟೆಲಿನಲ್ಲಿ, ಜ್ವರ ಬಂದರೆ ಮಲಗುವುದು ಹಾಸ್ಪಿಟಲಿನಲ್ಲಿ. ಮೂರು ಕಡೆಯೂ ಆ ಹಳೆಯ ಒಂದೇ ಪದ ಅವನನ್ನು ನೋಡಿಕೊಳ್ಳುತ್ತದೆ.

ಫ್ರಾನ್ಸಿನಲ್ಲಾದರೂ ಅದಕ್ಕೆ ವಸತಿಗೃಹ ಒಂದೇ ಅರ್ಥವೇ? ಅಲ್ಲ. ಪ್ಯಾರಿಸ್ಸಿನಲ್ಲಿ ಓತೆಲ್ ದ ವೀಲ್ ಎಂಬ ಭವ್ಯ ಕಟ್ಟಡ ಇದೆ. ರೂಮು ಕೇಳಿಕೊಂಡು ಒಳಗೆ ಹೋಗಬೇಡಿ, ಅದು ಅಲ್ಲಿನ ನಗರಪಾಲಿಕೆ. ನೋತ್ರ್ ದಾಮ್ ಚರ್ಚಿನ ಪಕ್ಕದಲ್ಲಿ ಓತೆಲ್ ದ್ಯೂ ಇದೆ. ಪದಶಃ ದೇವರ ಹೋಟೆಲು. ಅದು ಪ್ಯಾರಿಸ್ಸಿನ ಅತಿ ಹಳೆಯ ಆಸ್ಪತ್ರೆ. ಶ್ರೀಮಂತರ ಖಾಸಗಿ ಬಂಗಲೆಗಳಿಗೂ ಓತೆಲ್ ಎಂದೇ ಹೆಸರು.

ರೆಸ್ಟೋರೆಂಟ್ ಕಥೆ ಇನ್ನೂ ಚೆನ್ನ. ಆ ಪದಕ್ಕೆ ಚೇತರಿಸುವಂಥದ್ದು ಎಂದು ಅರ್ಥ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ರೆಸ್ಟೋರೆಂಟ್ ಎಂದರೆ ಅಂಗಡಿ ಅಲ್ಲ, ತಿನಿಸು. ಬಳಲಿದವರಿಗೆ ಕೊಡುತ್ತಿದ್ದ ಗಟ್ಟಿ ಮಾಂಸದ ಸಾರು. ಆ ಸಾರು ಮಾರುವ ಅಂಗಡಿಗೆ ಸಾರಿನ ಹೆಸರೇ ಬಂತು, ಆಮೇಲೆ ಸಾರು ಮರೆತುಹೋಗಿ ಅಂಗಡಿ ಉಳಿಯಿತು. ಅಂದರೆ ಆ ಮೂವರು ಹೇಳಿಕೊಟ್ಟ 'ಸರಿಯಾದ' ಪದವೂ ಒಂದು ಕಾಲದಲ್ಲಿ ಬಟ್ಟಲಿನಲ್ಲಿದ್ದ ಸಾರು. ಅದೇ ಪದ ನಮ್ಮ ತಾಲ್ಲೂಕು ಪೇಟೆಗಳಲ್ಲಿ ಯಾವಾಗಲೂ 'ಬಾರ್ ಅಂಡ್' ಜೊತೆಗೇ ಬೋರ್ಡಿನ ಮೇಲೆ ಕಾಣುತ್ತದೆ. ಅಲ್ಲಿನ ಹೆಂಗಸರು ರೆಸ್ಟೋರೆಂಟ್ ಎಂದರೆ ಹಿಂಜರಿಯುತ್ತಾರೆ, ಹೋಟೆಲ್ ಎಂದರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ.

ಹೋಟೆಲು ನಮ್ಮಲ್ಲಿ ತಿನ್ನುವ ಜಾಗ ಆದದ್ದು ಹೇಗೆ? ನನಗೆ ಕಾಣುವುದು ಹೀಗೆ. ಹಳೆಯ ಬೋರ್ಡುಗಳನ್ನು ನೆನಪಿಸಿಕೊಳ್ಳಿ, 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್'. ಮಲಗುವುದಕ್ಕೆ ಲಾಡ್ಜ್ ಎಂಬ ಪದ ಸಿಕ್ಕಿತು. ಅದೂ ಫ್ರೆಂಚಿನದೇ, ಲೋಜ್, ಮೂಲದಲ್ಲಿ ಗುಡಿಸಲು. ಆ ಕೆಲಸ ಅದು ವಹಿಸಿಕೊಂಡ ಮೇಲೆ ಹೋಟೆಲಿಗೆ ಉಳಿದದ್ದು ಊಟ, ತಿಂಡಿ. ಇದರಲ್ಲಿ ಯಾರ ಅಜ್ಞಾನವೂ ಇಲ್ಲ. ಒಂದು ಭಾಷೆಯೊಳಗೆ ಎರಡು ಪದಗಳು ಎದುರಾದಾಗ ಕೆಲಸ ಹಂಚಿಕೊಳ್ಳುತ್ತವೆ, ಅಷ್ಟೇ. ಬೆಂಗಳೂರಿನ ತಿಂಡಿಮನೆಗಳು ತಮಗೆ ಇಟ್ಟುಕೊಂಡ ಹೆಸರುಗಳನ್ನೇ ನೋಡಿ: 1924ರ ಮಾವಳ್ಳಿಯದು ಟಿಫಿನ್ ರೂಮ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದದ್ದು ವಿದ್ಯಾರ್ಥಿ ಭವನ. ಯಾವ ಬೋರ್ಡಿನಲ್ಲಿ ಏನೇ ಇರಲಿ, ದೋಸೆಗೆ ಹೊರಟವರು ಹೇಳುವುದು 'ಹೋಟೆಲಿಗೆ ಹೋಗೋಣ' ಎಂದೇ.

ಇನ್ನು ಮಿಲಿಟರಿ ಹೋಟೆಲ್. ಪ್ಯಾರಿಸ್ಸಿನ ಒಬ್ಬರನ್ನು ಮಿಲಿಟರಿ ಹೋಟೆಲ್ ಎಂಬ ಬೋರ್ಡಿನ ಮುಂದೆ ನಿಲ್ಲಿಸಿದರೆ ಸೈನಿಕರ ವಸತಿಗೃಹ ಎಂದೇ ತಿಳಿಯುತ್ತಾರೆ. ನಮಗೆ ಗೊತ್ತು, ಒಳಗೆ ಮುದ್ದೆ, ಕಾಲು ಸೂಪು, ಮಟನ್ ಚಾಪ್ಸು. ಗಮನಿಸಿ, ಮಿಲಿಟರಿ, ಹೋಟೆಲು, ಸೂಪು, ಮಟನ್ನು, ನಾಲ್ಕೂ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು ನಮ್ಮ ಎಲೆಗೆ ಬಿದ್ದ ಪದಗಳು. ಮುದ್ದೆ ಮಾತ್ರ ನಮ್ಮದು. ಮಟನ್ ಫ್ರೆಂಚಿನಲ್ಲಿ ಮೂತೋಂ, ಹುಲ್ಲು ಮೇಯುತ್ತಿರುವ ಕುರಿಗೂ ಅದೇ ಹೆಸರು. ಇಂಗ್ಲಿಷಿಗೆ ಹೋದಾಗ ಮೇಯುವ ಕುರಿಗೆ ಇಂಗ್ಲಿಷರ ಹಳೆಯ ಪದವೇ ಉಳಿದು, ತಟ್ಟೆಯ ಕುರಿಗೆ ಮಾತ್ರ ಫ್ರೆಂಚ್ ಹೆಸರು ನಿಂತಿತು. ಇಂಡಿಯಾಕ್ಕೆ ಬಂದಾಗ ಪ್ರಾಣಿಯೇ ಬದಲಾಯಿತು. ನಮ್ಮಲ್ಲಿ ಮಟನ್ ಎಂದು ತೂಗಿಕೊಡುವುದು ಎಷ್ಟೋ ಕಡೆ ಮೇಕೆ.

ಕಟ್ಲೆಟ್ಟಿನದು ಇನ್ನೂ ದೂರದ ಪ್ರಯಾಣ. ಕೋತ್ ಎಂದರೆ ಪಕ್ಕೆಲುಬು, ಕೋತ್‌ಲೆತ್ ಎಂದರೆ ಪುಟ್ಟ ಪಕ್ಕೆಲುಬು, ಎಲುಬು ಸಮೇತ ಇರುವ ಮಾಂಸದ ತುಂಡು. ರಷ್ಯಾದಲ್ಲಿ ಎಲುಬು ಹೋಗಿ ಕೊತ್ಲೆತ ಎಂದರೆ ಕೊಚ್ಚಿದ ಮಾಂಸದ ವಡೆ ಆಯಿತು. ಜಪಾನಿನಲ್ಲಿ ಅದು ಕತ್ಸುರೆತ್ಸು ಆಗಿ, ತುಂಡಾಗಿ ಕತ್ಸು ಆಗಿ, ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಹಂದಿಮಾಂಸವಾಯಿತು. ನಮ್ಮ ಬೇಕರಿಯಲ್ಲಿ ಮಾಂಸವೂ ಹೋಯಿತು. ಆಲೂಗಡ್ಡೆ, ಬೀಟ್‌ರೂಟು, ಹೊರಗೆ ಬ್ರೆಡ್ಡಿನ ಪುಡಿ. ಪಕ್ಕೆಲುಬಿನಿಂದ ಬೀಟ್‌ರೂಟಿನವರೆಗೆ ದಾರಿಯಲ್ಲಿ ಉಳಿದುಕೊಂಡದ್ದು ಪುಡಿ ಹಚ್ಚಿ ಕರಿಯುವ ಆ ಹೊರಮೈ ಒಂದೇ.

ಹೋಟೆಲು ಬಿಡುವ ಮೊದಲು ಬಡಿಸುವವರ ಬಗ್ಗೆ ಒಂದು ಮಾತು. ಫ್ರೆಂಚಿನಲ್ಲಿ ಗಾರ್ಸೋಂ ಎಂದರೆ ಹುಡುಗ. ಕೆಫೆಯಲ್ಲಿ ಬಡಿಸುವವರನ್ನೂ ಹಾಗೆ ಕರೆಯುತ್ತಿದ್ದರು. ಈಗ ಪ್ಯಾರಿಸ್ಸಿನಲ್ಲಿ ಯಾರಾದರೂ 'ಗಾರ್ಸೋಂ!' ಎಂದು ಕೂಗಿದರೆ ಅದು ಒರಟುತನ, ಮೊಸ್ಯೂ ಎನ್ನಬೇಕು. ತುರ್ಕಿಯವರು ಅದೇ ಪದವನ್ನು ಗರ್ಸೋನ್ ಎಂದು ತೆಗೆದುಕೊಂಡರು. ಅಲ್ಲಿ ಅದಕ್ಕೆ ಹುಡುಗ ಎಂಬ ಅರ್ಥವೇ ಇಲ್ಲ, ಅದೊಂದು ಉದ್ಯೋಗದ ಹೆಸರು. ರೊಮೇನಿಯಾದಲ್ಲಿ ಗರ್ಸೋನಿಯೆರ ಎಂದರೆ ಒಂದು ಕೋಣೆಯ ಮನೆ. ಮೂಲದಲ್ಲಿ ಬ್ರಹ್ಮಚಾರಿ ಹುಡುಗರ ಬಿಡಾರ, ಈಗ ಅಜ್ಜಿಯೊಬ್ಬರು ಇದ್ದರೂ ಅದು ಗರ್ಸೋನಿಯೆರವೇ. ಇದನ್ನೆಲ್ಲ ಕೇಳುವಾಗ ನಿಮಗೆ ಒಂದು ಕನ್ನಡ ಪದ ನೆನಪಾಗುತ್ತಿರಬೇಕು. ಹೌದು, ಮಾಣಿ. ಕರಾವಳಿಯ ಮನೆಗಳಲ್ಲಿ ಅಕ್ಕರೆಯಿಂದ ಹುಡುಗನನ್ನು ಕರೆಯುವ ಮಾತು. ಉಡುಪಿ ಕಡೆಯವರ ಹೋಟೆಲುಗಳ ಜೊತೆ ಬೆಂಗಳೂರಿಗೆ ಬಂದು ಬಡಿಸುವವನು ಎಂದಾಯಿತು. ಊರಿನಲ್ಲಿ ಅಮ್ಮ ಕರೆದರೆ ಅದೇ ಮಾತು ಮುದ್ದು, ಇಲ್ಲಿ ಗಿರಾಕಿ ಕರೆದರೆ ಒಬ್ಬ ವಯಸ್ಕನಿಗೆ ನೋವು. ಪ್ಯಾರಿಸ್ಸಿಗೂ ನಮಗೂ ನಡುವೆ ಯಾವ ವ್ಯವಹಾರವೂ ಇಲ್ಲದೆ ಎರಡು ಪದಗಳು ಒಂದೇ ದಾರಿ ಹಿಡಿದಿವೆ.

ಈಗ ಅಡುಗೆಮನೆಯಿಂದ ಒಳಕೋಣೆಗೆ ಬರೋಣ. ನಮ್ಮ ಅಜ್ಜಿಯ ಕೋಣೆಯಲ್ಲಿ ಒಂದು ಬೀರು ಇತ್ತು. ಬಾಗಿಲಿಗೆ ಉದ್ದ ಕನ್ನಡಿ, ಒಳಗೆ ರೇಷ್ಮೆ ಸೀರೆಗಳು, ನ್ಯಾಫ್ತಲೀನ್ ಗುಳಿಗೆಯ ವಾಸನೆ. ಚಿಕ್ಕವನಾಗಿದ್ದಾಗ ಈ ಬೀರು ಅಚ್ಚಕನ್ನಡ ಎಂದೇ ತಿಳಿದಿದ್ದೆ. ನಗು ಬೀರು, ನೋಟ ಬೀರು, ಪ್ರಭಾವ ಬೀರು ಎಂದೆಲ್ಲ ಇದೆಯಲ್ಲ. ಕಾಲೇಜಿನಲ್ಲಿ ಫ್ರೆಂಚ್ ಕಲಿಯುವಾಗ ಬ್ಯೂರೊ ಎಂಬ ಪದ ಬಂತು, ಅದರ ಹುಟ್ಟಿನ ಕಥೆ ಬಂತು. ಆಗ ಅಜ್ಜಿಯ ಬೀರುವೂ ಇದರ ಸಂಬಂಧಿ ಎಂದು ತಿಳಿದು, ಆ ದಿನ ಮನೆಗೆ ಬಂದು ಅದನ್ನು ಹೊಸದಾಗಿ ನೋಡಿದೆ.

ಮೊದಲಿಗೆ ಬ್ಯೂರ್ ಎಂಬ ಒರಟು ಉಣ್ಣೆಯ ಬಟ್ಟೆ, ನಮ್ಮ ಕಂಬಳಿಯ ಹಾಗೆ. ಅದನ್ನು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದರು. ಹಾಸಿದ ಬಟ್ಟೆಯ ಹೆಸರು ಮೇಜಿಗೆ ಬಂತು. ಮೇಜಿನ ಹೆಸರು ಮೇಜಿರುವ ಕೋಣೆಗೆ ಬಂತು. ಕೋಣೆಯಿಂದ ಕಚೇರಿಗೆ, ಕಚೇರಿಯಿಂದ ಅಲ್ಲಿ ಕೂತವರ ಅಧಿಕಾರಕ್ಕೆ. ಆ ಕೊನೆಯ ಹೆಜ್ಜೆಯ ಬ್ಯೂರಾಕ್ರಸಿ ಎಂಬ ಪದವನ್ನು 18ನೇ ಶತಮಾನದ ನಡುವಿನಲ್ಲಿ ಫ್ರೆಂಚ್ ಅರ್ಥಚಿಂತಕ ಗೂರ್ನೆ ಎಂಬಾತ ಕಟ್ಟಿದ ಎನ್ನುತ್ತಾರೆ. ಈ ಸರಪಳಿಯ ಬೇರೆ ಬೇರೆ ಕೊಂಡಿಯನ್ನು ಬೇರೆ ಬೇರೆ ಭಾಷೆಗಳು ಹಿಡಿದುಕೊಂಡವು. ಜರ್ಮನರ ಬ್ಯೂರೊ ಕಚೇರಿ. ಇಂಗ್ಲೆಂಡಿನಲ್ಲಿ ಅದು ಬರೆಯುವ ಮೇಜು. ಅಮೆರಿಕದಲ್ಲಿ ಬಟ್ಟೆ ಇಡುವ, ಡ್ರಾಯರುಗಳಿರುವ ಪೆಟ್ಟಿಗೆ. ನಮ್ಮಲ್ಲೂ ತಮಿಳಿನಲ್ಲೂ ಅದು ನಿಂತೇ ಬಿಟ್ಟಿತು, ಉಕ್ಕಿನ ಕಪಾಟಾಯಿತು. ಆಮೇಲೆ ಪತ್ರಿಕೆಗಳ ಜೊತೆ ಎರಡನೇ ಸಲ ಬಂತು, 'ಬೆಂಗಳೂರು ಬ್ಯೂರೊ' ಎಂದು. ಹಾಗಾಗಿ ಒಂದೇ ಪದ ಕನ್ನಡದಲ್ಲಿ ಎರಡು ಉಡುಪಿನಲ್ಲಿದೆ. ಸುದ್ದಿ ಬರೆಯುವವರು ಬ್ಯೂರೊದಲ್ಲಿ ಕೂರುತ್ತಾರೆ, ಅವರ ಮನೆಯವರು ಸೀರೆಯನ್ನು ಬೀರುವಿನಲ್ಲಿ ಇಡುತ್ತಾರೆ. ಬಟ್ಟೆಯಿಂದ ಹೊರಟ ಪದ ಸುತ್ತಿ ಬಳಸಿ ನಮ್ಮಲ್ಲೂ ಮತ್ತೆ ಬಟ್ಟೆಗೇ ಬಂದು ಸೇರಿತು.

ಹೀಗೆ ಒಂದೇ ಪದ ಎರಡು ಸಲ ಬರುವುದು ಇಂಗ್ಲಿಷಿಗೆ ಬಹಳ ಹಳೆಯ ಅಭ್ಯಾಸ. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಕಡೆಯವರ ಉತ್ತರದ ಫ್ರೆಂಚಿನಲ್ಲಿ ಪದದ ಮೊದಲಿಗೆ ವಕಾರ, ಪ್ಯಾರಿಸ್ಸಿನ ಕಡೆ ಅದೇ ಜಾಗದಲ್ಲಿ ಗಕಾರ. ಇಂಗ್ಲಿಷ್ ಮೊದಲು ಒಂದನ್ನು ತಂದಿತು, ಆಮೇಲೆ ಇನ್ನೊಂದನ್ನೂ ತಂದಿತು. ಅದರ ಫಲ ನಮ್ಮ ಬಾಯಲ್ಲಿದೆ: ವಾರಂಟ್, ವಾರಂಟಿ, ಗ್ಯಾರಂಟಿ. ಮೂರೂ ಒಂದೇ ಬೇರು. ವಾರಂಟ್ ಪೊಲೀಸರದು, ವಾರಂಟಿ ಮಿಕ್ಸಿಯದು. ಗ್ಯಾರಂಟಿ ನಮ್ಮಲ್ಲಿ ಖಂಡಿತ ಎಂಬ ಅರ್ಥಕ್ಕೂ ಇಳಿದಿದೆ; 'ಇವತ್ತು ಮಳೆ ಗ್ಯಾರಂಟಿ' ಎನ್ನುತ್ತೇವೆ. 2023ರ ನಂತರ ಕರ್ನಾಟಕದಲ್ಲಿ ಅದಕ್ಕೆ ಇನ್ನೊಂದು ಅರ್ಥ ನಮ್ಮ ಕಣ್ಣೆದುರೇ ಹುಟ್ಟಿತು. ಸರ್ಕಾರದ ಐದು ಯೋಜನೆಗಳಿಗೆ ಆ ಹೆಸರು ಬಂದ ಮೇಲೆ, 'ಈ ತಿಂಗಳು ಗ್ಯಾರಂಟಿ ಬಂತಾ?' ಎಂದು ಹೆಂಗಸರು ಕೇಳುವಾಗ ಅವರು ಕೇಳುತ್ತಿರುವುದು ಗೃಹಲಕ್ಷ್ಮಿಯ 2,000 ರೂಪಾಯಿ. ಭರವಸೆ ಎಂಬ ಅಮೂರ್ತ ಪದ ಬ್ಯಾಂಕಿನ ಮೆಸೇಜಾಗಿ ಬರುವ ಹಣವಾಯಿತು. ಪದದ ಅರ್ಥ ಬದಲಾಗಲು ಶತಮಾನಗಳು ಬೇಕು ಎನ್ನುತ್ತಾರೆ. ಎರಡು ವರ್ಷ ಸಾಕು.

ಒಂದು ಪ್ರಶ್ನೆ ನಿಮ್ಮಲ್ಲಿ ಬರಬಹುದು. ಫ್ರೆಂಚರು ನಮ್ಮ ನಾಡಿಗೇ ಬಂದಿದ್ದರಲ್ಲ, ಹೈದರ್, ಟಿಪ್ಪು ಇಬ್ಬರ ಸೈನ್ಯದಲ್ಲೂ ಇದ್ದರಲ್ಲ, ನೇರವಾಗಿ ಪದಗಳು ಬರಲಿಲ್ಲವೇ? ಶ್ರೀರಂಗಪಟ್ಟಣದ ಹತ್ತಿರದ ಹಿರೋಡೆಯಲ್ಲಿ ಅವರ ಪಡೆ ತಂಗಿದ್ದಕ್ಕೆ ಆ ಊರನ್ನು ಬಹುಕಾಲ ಫ್ರೆಂಚ್ ರಾಕ್ಸ್ ಎಂದೇ ಕರೆದರು; ಈಗಿನ ಪಾಂಡವಪುರ ಅದು. ಆದರೂ ನಮಗೆ ಬಂದ ಫ್ರೆಂಚ್ ಪದಗಳು ಬಹುಪಾಲು ಇಂಗ್ಲಿಷಿನ ಕೈಯಿಂದಲೇ ಬಂದವು. ಆದರೆ ಫ್ರೆಂಚರ ಹೆಸರು ಮಾತ್ರ ಅವರಿಗಿಂತ ಮೊದಲೇ ಇನ್ನೊಂದು ದಾರಿಯಿಂದ ಬಂದಿತ್ತು. ಇದು ಸ್ವಲ್ಪ ದಾರಿ ತಪ್ಪಿದ ಹಾಗೆ, ಆದರೆ ಬಿಡಲಾರೆ.

ಫ್ರಾಂಕ್ ಎಂಬುದು ಒಂದು ಜರ್ಮಾನಿಕ್ ಬುಡಕಟ್ಟು. ಅವರು ಆಳಿದ ನಾಡು ಫ್ರಾನ್ಸ್. ಕ್ರುಸೇಡ್ ಎಂಬ ಧರ್ಮಯುದ್ಧಗಳ ಕಾಲದಲ್ಲಿ ಅರಬರು ಪಶ್ಚಿಮದಿಂದ ಬಂದವರನ್ನೆಲ್ಲ ಇಫ್ರಂಜ್ ಎಂದರು, ಪರ್ಷಿಯನ್ನರು ಫರಂಗಿ ಎಂದರು. ಅದು ನಮ್ಮಲ್ಲಿಗೆ ಬಂದು ಪರಂಗಿ ಆಯಿತು. ಪರಂಗಿಯವರು ತಂದ ದೊಡ್ಡ ತುಪಾಕಿ ಫಿರಂಗಿ ಆಯಿತು. ಪೋರ್ಚುಗೀಸರು ಅಮೆರಿಕ ಖಂಡದಿಂದ ತಂದ ಹಣ್ಣು ಪರಂಗಿ ಹಣ್ಣಾಯಿತು. 16ನೇ ಶತಮಾನದ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲಿ ಅವರ ಜೊತೆ ಬಂದ ಗುಹ್ಯರೋಗಕ್ಕೆ ಫಿರಂಗ ರೋಗ ಎಂದೇ ಹೆಸರು. ಥಾಯ್ಲೆಂಡಿನಲ್ಲಿ ಬಿಳಿಯರಿಗೆ ಫರಂಗ್ ಎನ್ನುತ್ತಾರೆ, ಅದೇ ಹೆಸರು ಅಲ್ಲಿ ಒಂದು ಹಣ್ಣಿಗೂ ಇದೆ. ಆದರೆ ಅದು ಪರಂಗಿ ಅಲ್ಲ, ಸೀಬೆ. ಅದೂ ಅಮೆರಿಕದಿಂದ ಬಂದದ್ದೇ. ಇತ್ತ ಫ್ರಾಂಕರ ನಾಡಿನಲ್ಲಿ ಫ್ರಾಂಕ್ ಎಂದರೆ ಸ್ವತಂತ್ರ, ಆಮೇಲೆ ನೇರ ಮಾತಿನವನು ಎಂದಾಯಿತು. 'ಫ್ರಾಂಕಾಗಿ ಹೇಳ್ತೀನಿ' ಎನ್ನುವ ಬೆಂಗಳೂರಿಗ, ಗಾಡಿಯಲ್ಲಿ ಪರಂಗಿ ಹಣ್ಣು ಕೊಯ್ಯುವವರು, ಕೋಟೆಯ ಮೇಲಿನ ಫಿರಂಗಿಯನ್ನು ಮಗುವಿಗೆ ತೋರಿಸುವ ತಂದೆ, ಮೂವರೂ ಆಡುತ್ತಿರುವುದು ಒಂದು ಬುಡಕಟ್ಟಿನ ಹೆಸರನ್ನು.

ಇದೆಲ್ಲ ಹೇಗೆ ನಡೆಯುತ್ತದೆ ಎಂಬುದಕ್ಕೆ ನನ್ನ ಅನುಭವದ ಮಾತು ಇಷ್ಟೇ. ಪದ ಪ್ರಯಾಣ ಮಾಡುವಾಗ ತನ್ನ ನಿಘಂಟನ್ನು ಹೊತ್ತು ಬರುವುದಿಲ್ಲ, ಒಂದು ದೃಶ್ಯವನ್ನು ಹೊತ್ತು ಬರುತ್ತದೆ. ಕೇಳಿದವನು ಆ ದೃಶ್ಯದಲ್ಲಿ ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಆ ಹೆಸರನ್ನು ಕಟ್ಟುತ್ತಾನೆ. ಜಪಾನಿನಲ್ಲಿ ಅಬೆಕ್ಕು ಎಂಬ ಪದ ಇದೆ, ಫ್ರೆಂಚಿನ ಅವೆಕ್. ಮೂಲದಲ್ಲಿ ಅದು 'ಜೊತೆಗೆ' ಎಂಬ ಸಣ್ಣ ಅವ್ಯಯ. ಜಪಾನೀಯರಿಗೆ ಅಬೆಕ್ಕು ಎಂದರೆ ಜೋಡಿ, ಕೈ ಕೈ ಹಿಡಿದು ನಡೆಯುವ ಪ್ರೇಮಿಗಳು. ಫ್ರೆಂಚಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಕನ್ನಡಿಗರಿಗೆ ಹೇಳಿದರೆ ಆಶ್ಚರ್ಯವೇ ಆಗುವುದಿಲ್ಲ, ಏಕೆಂದರೆ ನಮ್ಮ ಜೊತೆ ಎಂಬ ಪದಕ್ಕೂ ಎರಡೂ ಅರ್ಥ ಇದೆ. 'ನನ್ನ ಜೊತೆ ಬಾ' ಎನ್ನುತ್ತೇವೆ, 'ಒಂದು ಜೊತೆ ಚಪ್ಪಲಿ' ಎನ್ನುತ್ತೇವೆ.

ಟಿಕೆಟ್ ಎಂಬುದು ಫ್ರೆಂಚಿನ ಎತಿಕೆತ್, ಅಂಟಿಸುವ ಚೀಟಿ. ಅದೇ ಪದದ ಇನ್ನೊಂದು ಕವಲು ಎಟಿಕೆಟ್, ಸಭ್ಯಾಚಾರ. ಬಸ್ಸಿನ ಟಿಕೆಟ್ಟು ನಮಗೂ ಇಂಗ್ಲಿಷಿನವರಿಗೂ ಒಂದೇ. ಆದರೆ ಚುನಾವಣೆ ಬಂತೆಂದರೆ ಟಿಕೆಟ್ ಆಕಾಂಕ್ಷಿ, ಟಿಕೆಟ್ ಹಂಚಿಕೆ, ಟಿಕೆಟ್ ಸಿಗದೆ ಬಂಡಾಯ. ಫ್ರಾನ್ಸಿನಲ್ಲಿ ಯಾವ ಪಕ್ಷಕ್ಕೂ ಸೇರದ ಅಭ್ಯರ್ಥಿಯನ್ನು 'ಸಾಂಜ್ ಎತಿಕೆತ್' ಎನ್ನುತ್ತಾರೆ, ಚೀಟಿ ಇಲ್ಲದವನು. ನಮ್ಮ ಪತ್ರಿಕೆಯ ಭಾಷೆಗೆ ಇದ್ದ ಹಾಗೆ ತಂದರೆ 'ಟಿಕೆಟ್ ಇಲ್ಲದವನು', ಪಕ್ಷೇತರ. ಐನೂರು ವರ್ಷ ದೂರವಾಗಿದ್ದ ದಾಯಾದಿಗಳು ಚುನಾವಣಾ ಕಣದಲ್ಲಿ ಭೇಟಿಯಾದರು.

ಮತ್ತೆ ಕೆಲವೊಮ್ಮೆ ಪದ ಕೊಟ್ಟವರೇ ಅದನ್ನು ಆ ಅರ್ಥದಲ್ಲಿ ಬಳಸುವುದಿಲ್ಲ. ಇಂಗ್ಲಿಷ್ ಸಂಗೀತ ಸಭೆಯಲ್ಲಿ ಹಾಡು ಮೆಚ್ಚಿದರೆ 'ಆಂಕೋರ್' ಎಂದು ಕೂಗುತ್ತಾರೆ. ಫ್ರೆಂಚಿನಲ್ಲಿ ಅದಕ್ಕೆ ಮತ್ತೆ, ಇನ್ನೂ ಎಂದು ಅರ್ಥ. ಆದರೆ ಫ್ರೆಂಚ್ ಸಭಿಕರು ಕೂಗುವುದು 'ಬಿಸ್' ಎಂದು, ಅದು ಲ್ಯಾಟಿನ್. ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆ ಮುಗಿದ ಕೂಡಲೇ ಜನ ಕೂಗುತ್ತಿದ್ದದ್ದು 'ಒನ್ಸ್ ಮೋರ್!' ಮೂರು ಜನಾಂಗ, ಮನಸ್ಸು ತುಂಬಿ ಬಂದ ಗಳಿಗೆಯಲ್ಲಿ ಮೂವರ ಬಾಯಲ್ಲೂ ಇನ್ನೊಬ್ಬರ ಭಾಷೆ. ಇದು ಏಕೆ ಎಂದು ನನಗೆ ಪೂರ್ತಿ ಬಗೆಹರಿದಿಲ್ಲ, ಆದರೆ ನೆನೆದಾಗಲೆಲ್ಲ ಸಂತೋಷವಾಗುತ್ತದೆ.

ಹಳೆಯ ಅರ್ಥ ಒಮ್ಮೊಮ್ಮೆ ನಮ್ಮ ಕೈಯಲ್ಲೇ ಉಳಿದಿರುತ್ತದೆ. ತ್ವಾಲ್ ಎಂದರೆ ಬಟ್ಟೆ, ತ್ವಾಲೆತ್ ಎಂದರೆ ಪುಟ್ಟ ಬಟ್ಟೆ. ಅಲಂಕಾರದ ಮೇಜಿನ ಮೇಲೆ ಹಾಸುವುದು. ಆಮೇಲೆ ಆ ಮೇಜು, ಆಮೇಲೆ ಅಲಂಕಾರ, ಆಮೇಲೆ ಅಲಂಕಾರದ ಕೋಣೆ, ಕೊನೆಗೆ ಮರ್ಯಾದೆಗಾಗಿ ಶೌಚಾಲಯಕ್ಕೆ ಆ ಹೆಸರು. ಈಗ ಟಾಯ್ಲೆಟ್ ಎಂದರೆ ಅಷ್ಟೇ ಅರ್ಥ. ಆದರೆ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪನ್ನು ನೆನೆಯಿರಿ. ಮೈಗೆ ಹಚ್ಚುವ ಗಂಧದ ಸೋಪಿಗೆ ಟಾಯ್ಲೆಟ್ ಸೋಪ್ ಎಂಬ ಹೆಸರು ಏಕೆ ಎಂದು ಮಕ್ಕಳು ಕೇಳುತ್ತಾರೆ. ಅಲಂಕಾರದ ಮೇಜಿನ ಕಾಲದ ಅರ್ಥ ಅದು. ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಇನ್ನೂ ಭದ್ರವಾಗಿದೆ.

ಹಾಗೆಯೇ ಬ್ಲೌಸು. ಫ್ರಾನ್ಸಿನಲ್ಲಿ ಬ್ಲೂಜ್ ಎಂದರೆ ಕೂಲಿಕಾರರು, ರೈತರು ತೊಡುತ್ತಿದ್ದ ದೊಗಲೆ ಅಂಗಿ. ಈಗ ಅಲ್ಲಿ 'ಬಿಳಿ ಬ್ಲೂಜಿನವರು' ಎಂದರೆ ಡಾಕ್ಟರು, ನರ್ಸುಗಳು. ನಮ್ಮಲ್ಲಿ ರವಿಕೆ, ಕುಪ್ಪಸ ಎಂಬ ಒಳ್ಳೆಯ ಪದಗಳಿದ್ದರೂ ಬ್ಲೌಸು ಬಂದು ಸೇರಿಕೊಂಡಿತು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೋದ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡುವುದು ಹಿಂದೆ ರವಿಕೆ ಕಣ, ಈಗ ಬ್ಲೌಸ್ ಪೀಸು. ಪೀಸ್ ಕೂಡ ಫ್ರೆಂಚಿನ ಪಿಯೆಸ್. ಎರಡೂ ಪದ ಅಲ್ಲಿಯವು, ಎರಡೂ ಸೇರಿ ಆದ ಅರ್ಥ ಅಲ್ಲಿ ಯಾರಿಗೂ ಗೊತ್ತಿಲ್ಲ. ಅಂಗಿಯ ತುಂಡು ಎಂದು ಅನುವಾದಿಸಿದರೆ ಅವರಿಗೆ ಹರಿದ ಬಟ್ಟೆ ಕಾಣುತ್ತದೆ. ನಮಗೆ ಅದರೊಳಗೆ ವೀಳ್ಯದೆಲೆ, ತೆಂಗಿನಕಾಯಿ, ಹರಕೆ ಎಲ್ಲ ಇದೆ.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳುತ್ತಿದ್ದಾರೆ, ಹಾಗಾದರೆ ಎಲ್ಲವೂ ಸರಿಯೇ, ಯಾವುದೂ ತಪ್ಪಲ್ಲವೇ ಎಂದು. ತಪ್ಪಿದೆ. ಅದು ಎರಡು ಭಾಷೆಗಳ ನಡುವಿನ ಸೇತುವೆಯ ಮೇಲೆ. ಅನುವಾದಕನಾಗಿ ಕೂತಾಗ ಅಲ್ಲಿ ಕ್ಷಮೆ ಇಲ್ಲ. ಫ್ರೆಂಚಿನ ದ್‌ಮಾಂದೆ ಎಂದರೆ ಸುಮ್ಮನೆ ಕೇಳುವುದು. ಇಂಗ್ಲಿಷಿನ ಡಿಮ್ಯಾಂಡ್ ಎಂದರೆ ಪಟ್ಟು ಹಿಡಿದು ಒತ್ತಾಯಿಸುವುದು. ವಿನಂತಿಯ ಪತ್ರವನ್ನು ಬೆದರಿಕೆ ಮಾಡಿಬಿಡಬಹುದು. ಫ್ರೆಂಚಿನಲ್ಲಿ ಎವಾಂತ್ಯುಎಲ್‌ಮಾಂ ಎಂದರೆ 'ಆದರೆ ಆಗಬಹುದು', ಇಂಗ್ಲಿಷಿನಲ್ಲಿ ಅದೇ ಮುಖದ ಪದಕ್ಕೆ 'ಕೊನೆಗೆ ಆಗಿಯೇ ಆಯಿತು'. ಒಪ್ಪಂದದ ಕಾಗದದಲ್ಲಿ ಇದು ದುಡ್ಡಿನ ವಿಷಯ. ನನ್ನ ವಿದ್ಯಾರ್ಥಿಗಳನ್ನು ಇಲ್ಲಿ ನಾನು ಗದರುತ್ತೇನೆ. ಆದರೆ ಕನ್ನಡದೊಳಗೆ ಕೂತು 'ಮಾವಿನಹಣ್ಣಿಗೆ ಈಗ ಭಾರಿ ಡಿಮ್ಯಾಂಡು' ಎಂದವರನ್ನು ಲಂಡನ್ನಿನ ಮುಂದೆಯೋ ಪ್ಯಾರಿಸ್ಸಿನ ಮುಂದೆಯೋ ನಿಲ್ಲಿಸಿ ವಿಚಾರಣೆ ಮಾಡುವ ಅಧಿಕಾರ ಯಾರಿಗೂ ಇಲ್ಲ. ಆ ಹಾಸನದ ಹುಡುಗನಿಗೂ ನಾನು ಹೇಳಿದ್ದು ಇದನ್ನೇ. ಇಂಗ್ಲಿಷಿನಲ್ಲಿ ಮಾತಾಡುವಾಗ ರೆಸ್ಟೋರೆಂಟ್ ಎನ್ನು, ಎದುರಿನವರಿಗೆ ತಿಳಿಯಬೇಕಲ್ಲ. ಕನ್ನಡದಲ್ಲಿ ನಿಮ್ಮ ತಂದೆಯದು ಹೋಟೆಲೇ, ಅದನ್ನು ತಲೆ ಎತ್ತಿ ಹೇಳು.

ಕೊನೆಗೆ ಒಂದು ವಸ್ತು ತಂದಿದ್ದೇನೆ. ಈ ಹಳದಿ ಬಣ್ಣದ ಗುಂಡನೆಯ ಪುಟ್ಟ ಡಬ್ಬಿ ನೋಡಿ. ದಕ್ಷಿಣ ಫ್ರಾನ್ಸಿನ ತುಲೂಸ್ ಊರಿನದು, ಗೆಳೆಯರೊಬ್ಬರು ತಂದುಕೊಟ್ಟರು. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ತುಣುಕುಗಳಿವೆ, ಬಾಯಿ ಘಮ್ಮೆನ್ನಲು ಚೀಪುವುದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಔಷಧದಂಗಡಿಯವರೊಬ್ಬರು ಮಾಡಿದ್ದು. ಎದ್ದು ಕಾಣುವ ರುಚಿ ಜ್ಯೇಷ್ಠಮಧುವಿನದು. ಇದಕ್ಕೆ ಅವರು ಕರೆಯುವ ಹೆಸರು ಕಾಶೂ. ಆ ಪದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದಕ್ಷಿಣದ ತೀರದಿಂದ ಹೋದದ್ದು. ನಮ್ಮ ಎಲೆ ಅಡಿಕೆ ತಟ್ಟೆಯಲ್ಲಿ ಸುಣ್ಣದ ಪಕ್ಕ ಇರುತ್ತದಲ್ಲ, ಕಾಚು, ಅದೇ. ಅಲ್ಲಿಯ ಮಕ್ಕಳಿಗೆ ಕಾಶೂ ಎಂದರೆ ಈ ಕಪ್ಪು ಮಿಠಾಯಿ, ವೀಳ್ಯದೆಲೆಯನ್ನು ಅವರು ಕಂಡೇ ಇಲ್ಲ. ಡಬ್ಬಿಯನ್ನು ಸಾಲಿನಿಂದ ಸಾಲಿಗೆ ದಾಟಿಸುತ್ತೇನೆ. ಒಬ್ಬೊಬ್ಬರು ಒಂದೊಂದೇ ತೆಗೆದುಕೊಳ್ಳಿ, ಹಿಂದಿನ ಸಾಲಿನವರಿಗೂ ಉಳಿಯಲಿ.